ಗಾಡಿ ಕೋಟಿಂಗ್ ಅಂಗಳದಾಗ ಸುಡಬ್ಯಾಡ್ರಿ

ಮಾನೌಮಿ ಮುಂದ ನಮ್ಮ ಕಡಿ ಮನಿ ಹೆಂಗಿರ್ತದ ಅಂಬೋದು ನಿಮಗ ಹೊಸದಾಗಿ ಹೇಳೂದು ಬ್ಯಾಡ. ಘಟ ಹಾಕೋ ಮೊದಲು ಗ್ವಾಡಿ ಧೂಳ ಹೊಡೀಬೇಕು, ಡಬ್ಬಿ ಡಬರಿ ತಿಕ್ಕಬೇಕು, ವರ್ಷದ ಕೌದಿ ಎಲ್ಲಾ ಹಳ್ಳಕ್ಕ ಒಯ್ದು ಒಗದು ತರಬೇಕು. ಹೋದ ವರ್ಷನೂ ಹಂಗೇ ಹನ್ನೊಂದು ಕೌದಿ ಒಗದು ಮಾಳಗಿ ಮ್ಯಾಲ ಹಾಕಿದ್ವಿ. ಬಾಜೂಕ ಹೊಸಾ ಹೆಸರು ಬಿಸಲಿಗಿ ಹರವಿತ್ತು. ನಾ ಒಲಿ ಮುಂದ ಕುಂತು ರೊಟ್ಟಿ ಬಡೀಲಕ್ಕತ್ತಿದ್ದೆ. ಮೊಮ್ಮಗಳು ಹೊಸ್ತಿಲ ಮ್ಯಾಲ ಕುಂತು ಹಿಟ್ಟಿನ ಗುಬ್ಬಿ ಮಾಡ್ಲಕ್ಕತ್ತಿತ್ತು.

ಒಮ್ಮೆಲೆ ಒಂದು ವಾಸನಿ ಬಂತು ನೋಡ್ರಿ. ರೊಟ್ಟಿ ಹೊತ್ತಿದ್ದಲ್ಲ, ಟೈರ್ ಸುಟ್ಟಿದ್ದೂ ಅಲ್ಲ. ಮೂಗಿನಾಗ ಸೂಜಿ ಚುಚ್ಚಿದಂಗ ಆಯ್ತು, ಕಣ್ಣಾಗ ನೀರು ಬಂದ್ವು. ಹೊರಗ ಬಂದು ನೋಡ್ತೀನಿ, ಅಂಗಳದಾಗ ನಮ್ಮ ಪಿಕಪ್ ಗಾಡಿ ನಿಂತದ. ಹಿಂದಿನ ಬಾಡ್ಯಾಗ ನಮ್ಮ ಮೈದುನ ಮತ್ತ ಗ್ಯಾರೇಜಿನ ಒಬ್ಬ ಹುಡುಗ ಗ್ಯಾಸಿನ ಉರಿ ಹಿಡದು ಒಳಗಿನ ಕರಿ ಕೋಟಿಂಗ್ ಸುಡ್ಲಕ್ಕತ್ತಾರ. ಕಪ್ಪಂದು ಹೊಗಿ ಎದ್ದು ಸೀದಾ ಮಾಳಗಿ ಮ್ಯಾಲ ಹೊಂಟದ. ಖಂಡೇನವಮಿ ಪೂಜಿಗಿ ಗಾಡಿ ಹೊಸದಾಗ್ಬೇಕಂತ!

ನಾ ಬಾಯಿ ಮಾಡಿ ಉರಿ ಆರಿಸೋದ್ರಾಗ ಮೊಮ್ಮಗಳು ಕೆಮ್ಮಲಕ್ಕ ಹತ್ತಿ ಬಿಟ್ಟಿತ್ತು. ಅದಕ್ಕ ಹುಟ್ಟಿದಾಗಿಂದ ಸ್ವಲ್ಪ ದಮ್ಮಿನ ತ್ರಾಸ ಅದ. ಅವತ್ತು ಉಸರು ತಿರುಗಲಿಲ್ಲ. ಎದಿ ಸಿಳ್ಳಿ ಹೊಡದಂಗ ಸಪ್ಪಳ. ಸೊಸಿ ಅತ್ಕೋತ ಎತ್ಕೊಂಡು ಓಡಿದಳು. ಯಾವ ಗಾಡಿಗಿ ಬೆಂಕಿ ಹಚ್ಚಿದ್ರೋ ಅದೇ ಗಾಡ್ಯಾಗ ಕೂಸಿನ್ನ ದವಾಖಾನಿಗಿ ಒಯ್ದೇವಿ. ಮೂಗಿಗಿ ಮಾಸ್ಕ್ ಹಾಕಿ ಔಷಧದ ಹಬಿ ಕೊಟ್ರು. ಸಂಜೀಕ ಹುಷಾರಾಗಿ ಮನಿಗಿ ಬಂತು, ದೇವರ ದಯಾ.

ರಾತ್ರಿ ಊಟಕ್ಕ ಕುಂತಾಗ ನಾ ಮಾತು ತಗದೆ. ಮೈದುನ ಅಂದ, “ವೈನಿ, ಗಾಡಿ ಕೆಲಸ ನಿಮಗೇನ್ ತಿಳೀತದ, ನೀವು ಅಡಗಿ ನೋಡ್ಕೋರಿ.” ನಮ್ಮ ಮನಿಯವ್ರು ತಲಿ ತಗ್ಗಿಸಿ ಮಜ್ಜಿಗಿ ಕುಡದ್ರು. ಹೌದು ಅನಲಿಲ್ಲ, ಅಲ್ಲ ಅನಲಿಲ್ಲ.

ಆ ಮಾತಿಗಿ ನಾ ಅವತ್ತು ಜವಾಬು ಕೊಡಲಿಲ್ಲ. ಈಗ ಕೊಡ್ತೀನಿ. ಆಳಂದ, ಅಫಜಲಪುರ, ಜೇವರ್ಗಿ, ಯಾವ ಕಡಿ ಹೋದ್ರೂ ನಮ್ಮ ಬೀಗರು ನೆಂಟರ ಮನಿ ಮುಂದ ಒಂದು ಪಿಕಪ್ ಇಲ್ಲಾ ಒಂದು ಚೋಟಾ ಹಾಥಿ ನಿಂತಿರ್ತದ. ಇವತ್ತು ನಮ್ಮ ಅಂಗಳದಾಗ ಆಗಿದ್ದು ನಾಳಿ ನಿಮ್ಮ ಅಂಗಳದಾಗ ಆಗಬಾರದು.

ಮೊದಲು ಹಕ್ಕಿನ ಮಾತು. ಗಾಡಿ ಕೆಲಸದಾಗ ಬಾಯಿ ಹಾಕಲಕ್ಕ ನಾ ಯಾರು? ನಾ ಪಾಟ್ಲಿ ಒತ್ತಿ ಇಟ್ಟಾಕಿ. ಮೂರು ವರ್ಷದ ಹಿಂದ ಸೋಲಾಪುರದ ಕಡಿಂದ ಈ ಹಳೇ ಗಾಡಿ ತರಬೇಕಾದ್ರ ಮೊದಲಿನ ರೊಕ್ಕ ನನ್ನ ಪಾಟ್ಲಿಂದ ಬಂತು. ಅದು ಬಿಡ್ರಿ. ಪಾಟ್ಲಿ ಇಡದಿದ್ರೂ ಹಕ್ಕು ಅದೇ. ಹೊಗಿ ಬಂದಿದ್ದು ನನ್ನ ಅಡಗಿ ಖೋಲಿಗಿ, ಮಸಿ ಕುಂತಿದ್ದು ನಾ ಒಗದ ಕೌದಿ ಮ್ಯಾಲ, ಉಸರು ಸಿಕ್ಕಿದ್ದು ನನ್ನ ಮೊಮ್ಮಗಳದ್ದು. ಕೆಲಸ ಅವರದು, ಬಳಿಯೋದು ನಮ್ಮದು ಅಂದಾಗ ಹೆಂಗ ಮಾಡಬೇಕು ಅಂತ ಹೇಳೋ ಮಾತೂ ನಮ್ಮದೇ.

ಈಗ ಆ ಕರಿ ಕೋಟಿಂಗ್ ಅಂದ್ರ ಏನು ಅಂತ ಹೇಳ್ತೀನಿ. ನನಗೂ ಗೊತ್ತಿರಲಿಲ್ಲ. ಮಗನ ಮೊಬೈಲಿನಾಗ ಓದಿಸಿದೆ, ಜೇವರ್ಗ್ಯಾಗ ಇರೋ ನಮ್ಮ ಅಕ್ಕನ ಮಗ ಕೆಮಿಸ್ಟ್ರಿ ಹೇಳೋ ಮಾಸ್ತರ, ಅವನ ಬಲ್ಲಿ ಕೂತು ಕೇಳಿದೆ. ನಮ್ಮ ಕಡಿ ಗಾಡಿಗೋಳಿಗಿ ಇದು ಕಡಿಮಿ. ನಮ್ಮವರು ಪತ್ರಾ ಹಾಸ್ತಾರ, ಇಲ್ಲಾ ರಬ್ಬರ್ ಶೀಟ್ ಹಾಸ್ತಾರ, ಇಲ್ಲಾ ಕರಿ ಬಣ್ಣ ಬಳೀತಾರ. ಈ ಸ್ಪ್ರೇ ಕೋಟಿಂಗ್ ಅಮೆರಿಕಾದಾಗ ಪಿಕಪ್ ಗಾಡಿಗೋಳಿಗಿ ಭಾಳ ಹೊಡಸ್ತಾರ. ಅಲ್ಲಿಂದ ನಮ್ಮ ದೇಶದ ದೊಡ್ಡ ಊರಿಗೂ ಬಂದದ. ನಮ್ಮ ಗಾಡಿಗಿ ಮೊದಲಿನ ಮಾಲಕ ಹೊಡಸಿದ್ದ.

ಎರಡು ಬ್ಯಾರೆ ಬ್ಯಾರೆ ದ್ರವ ಗನ್ನಿನ ಬಾಯ್ಯಾಗ ಕೂಡಿ ಹೊರಗ ಬೀಳ್ತಾವ. ಬಿದ್ದ ಕೂಡಲೇ ಬಿಗದು ರಬ್ಬರಿನಂಥ ಪದರ ಆಗ್ತದ. ಎರಡು ಮೂರು ಮಿಲಿಮೀಟರ್ ದಪ್ಪ, ಮ್ಯಾಲ ಖರಬರಿ. ಬೆಲ್ಲದ ಪಾಕ ಕಡಾಯಿಗಿ ಹತ್ತಿ ಆರಿದ್ರ ಹೆಂಗ ಬಿಡೂದಿಲ್ಲೋ ಹಂಗ ಕಬ್ಬಣಕ್ಕ ಹಿಡಕೋತದ. ಇದರ ಜಾತಿ ಪಾಲಿಯುರೆಥೇನ್ ಇಲ್ಲಾ ಪಾಲಿಯೂರಿಯಾ. ಆ ಎರಡು ದ್ರವದೊಳಗ ಒಂದರ ಹೆಸರು ಐಸೊಸಯನೇಟ್.

ಈ ಹೆಸರು ಎಲ್ಲೋ ಕೇಳಿದಂಗ ಅದಲ್ಲ? ನಾ ಸಾಲಿ ಕಲೀತಿದ್ದಾಗ, 1984ರ ಡಿಸೆಂಬರದಾಗ, ಭೋಪಾಲದ ಸುದ್ದಿ ರೇಡಿಯೋದಾಗ ಬಂದಿತ್ತು. ಮಲಗಿದ ಮಂದಿ ಮಲಗಿದಲ್ಲೇ ಹೋದ್ರು. ಅಲ್ಲಿ ಸೋರಿದ್ದು ಮೀಥೈಲ್ ಐಸೊಸಯನೇಟ್. ಗಾಡಿ ಕೋಟಿಂಗಿಗಿ ಬಳಸೋದು ಅದೇ ಅಲ್ಲ, ಅದರ ಕುಲದ ಬ್ಯಾರೆ ರಾಸಾಯನಿಕ. ಬಿಗದು ಒಣಗಿದ ಕೋಟಿಂಗ್ ಸುಮ್ಮ ಇದ್ದಲ್ಲಿ ಇದ್ರ ಯಾರಿಗೂ ಏನೂ ಮಾಡೂದಿಲ್ಲ. ನಿಮ್ಮನ್ನ ಅಂಜಸ್ಬೇಕಂತ ಈ ಮಾತು ಹೇಳಿಲ್ಲ. ಆದ್ರ ಸುಮ್ಮ ಇದ್ದದ್ದಕ್ಕ ಬೆಂಕಿ ಹಚ್ಚಿದ್ರ ಅದು ಒಡದು ಒಳಗಿಂದೆಲ್ಲಾ ಹೊರಗ ಬರ್ತದ. ಸುಟ್ಟ ಪಾಲಿಯುರೆಥೇನಿನ ಹೊಗ್ಯಾಗ ಐಸೊಸಯನೇಟ್ ಇರ್ತದ, ಕಾರ್ಬನ್ ಮಾನಾಕ್ಸೈಡ್ ಇರ್ತದ, ಹೈಡ್ರೋಜನ್ ಸಯನೈಡ್ ಸೈತ ಇರ್ತದ. ಸಯನೈಡ್ ಅಂದ್ರ ಏನು ಅಂತ ಸಿನೆಮಾ ನೋಡಿದ ಎಲ್ಲಾರಿಗೂ ಗೊತ್ತು. ಐಸೊಸಯನೇಟ್ ಕೆಲಸದ ಜಾಗದಾಗ ಮಂದೀಗಿ ದಮ್ಮು ಹಚ್ಚೋ ರಾಸಾಯನಿಕಗಳೊಳಗ ಮುಂದಿನ ಸಾಲಿಂದು. ಒಮ್ಮೆ ಮೈ ಅದಕ್ಕ ತಿರುಗಿ ಬಿತ್ತಂದ್ರ ಮುಂದ ಸ್ವಲ್ಪ ತಾಕಿದ್ರೂ ಉಸರು ಕಟ್ತದ. ದಮ್ಮಿನ ಕೂಸು ಇರೋ ಮನಿ ಅಂಗಳದಾಗ ಅದನ್ನ ಸುಟ್ರು.

ಗಂಡಸರ ಒಂದು ಮಾತದ. “ಹಿಂದಿನವರು ಕಟಗಿ ಸುಟ್ಟಾರ, ಕುಳ್ಳು ಸುಟ್ಟಾರ, ಹೋಳಿಗಿ ಕಾಮನ ಸುಟ್ಟಾರ. ಯಾರಿಗೇನಾಗ್ಯಾದ?” ಅಂತಾರ. ಆಗ್ಯಾದ್ರಿ. ನಮ್ಮ ಅತ್ತಿ ನಲವತ್ತು ವರ್ಷ ತೊಗರಿ ಕಟಗಿ ಒಲಿ ಊದಿ ಊದಿ ಕಡೀಕ ಉಸರಿಗಿ ಬಡದಾಡಿ ಹೋದ್ರು. ಆ ಹೊಗಿ ಬ್ಯಾಡ ಅಂತಲೇ ಅಲ್ಲೇನು 2016ರಾಗ ಉಜ್ವಲಾ ಯೋಜನಾ ಮಾಡಿ ಮನಿ ಮನಿಗಿ ಗ್ಯಾಸ್ ಕೊಟ್ಟಿದ್ದು? ಕಟಗಿ ಹೊಗಿ ಕೆಟ್ಟದ್ದು ಅಂತ ಒಲಿ ತಗದು ಸಿಲಿಂಡರ್ ತಂದ್ವಿ. ಈಗ ಅದೇ ಸಿಲಿಂಡರಿಗಿ ನಳಿಗಿ ಹಚ್ಚಿ ಅಂಗಳದಾಗ ಪ್ಲಾಸ್ಟಿಕ್ ಸುಡ್ತೀವಂದ್ರ ಏನಂಬೋದು? ತೊಗರಿ ಕಟಗಿ ಹೊಗಿ ಕೆಟ್ಟದ್ದೇ ಇರ್ಲಿ, ಅದರಾಗ ಇಂಥಾ ಐಸೊಸಯನೇಟ್ ಇರೂದಿಲ್ಲ.

ಅಷ್ಟೇ ಅಲ್ಲ. ಗಾಡಿ ಬಾಡಿ ಕೆಳಗ ಡೀಸೆಲ್ ಟಾಕಿ ಅದ, ಲೈಟಿನ ವೈರ್ ಅವ, ಬ್ರೇಕಿನ ಪೈಪ್ ಅವ. ಮ್ಯಾಲಿಂದ ಉರಿ ಹಿಡದ್ರ ಪತ್ರಾ ಕಾದು ಕೆಳಗಿನ ವೈರ್ ಕರಗ್ತದ. ಬ್ಯಾರೆ ಸೀಮಿ ಬೆಂಕಿ ಸುದ್ದಿ ಪೇಪರಿನಾಗ ಓದಿ ಅಯ್ಯೋ ಪಾಪ ಅಂತೀವಿ. ನಮ್ಮ ಅಂಗಳದಾಗಿನ ಉರಿ ನಮಗ ಬೆಂಕಿ ಅಂತ ಅನಸೂದಿಲ್ಲ.

“ಆಯ್ತು ವೈನಿ, ಸುಡೂದಿಲ್ಲ, ಗ್ರೈಂಡರ್ ಹಚ್ಚಿ ಕೆರದು ತಗೀತೀವಿ” ಅಂದ ಮರುದಿನ ಮೈದುನ. ಹೊಗಿ ಹೋಗಿ ಧೂಳ ಬಂತು, ಅಷ್ಟೇ. ಒಣ ಗ್ರೈಂಡರ್ ಹಚ್ಚಿದ್ರ ಕೋಟಿಂಗ್ ಪುಡಿ ಆಗಿ ಗಾಳ್ಯಾಗ ಹಾರ್ತದ, ಬಿಸಿ ಆಗಿ ಹೊಗಿನೂ ಬಿಡ್ತದ. ಅದರ ಕೆಳಗ ಗಾಡಿಯ ಹಳೇ ಬಣ್ಣ ಇರ್ತದಲ್ಲ, ಅದೂ ಪುಡಿ ಆಗ್ತದ. ಹಳೇ ಬಣ್ಣದಾಗ ಸೀಸ ಇರಬಹುದು, ಅದರಾಗೂ ಲಾರಿ ಟ್ರಾಲಿಗೋಳ ಹಳದಿ ಕೇಸರಿ ಬಣ್ಣದಾಗ. ನಮ್ಮ ಸರಕಾರ ಬಣ್ಣದಾಗಿನ ಸೀಸಕ್ಕ ಮಿತಿ ಹಾಕ್ಯದ. 2016ರ ನಿಯಮ, 2017ರ ನವೆಂಬರ್ 1ರಿಂದ ಜಾರಿ, ಹತ್ತು ಲಕ್ಷ ಪಾಲಿಗಿ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದು. ಆದ್ರ ಆ ನಿಯಮ ಮನಿಗಿ ಹಚ್ಚೋ ಬಣ್ಣಕ್ಕ, ಅಲಂಕಾರದ ಬಣ್ಣಕ್ಕ. ಗಾಡಿಗಿ ಹೊಡಿಯೋ ಬಣ್ಣ ಅದರಾಗ ಬರೂದಿಲ್ಲ.

ಸೀಸ ಮಕ್ಕಳ ಮಿದುಳಿಗಿ ಕೆಟ್ಟದ್ದು. ಇಷ್ಟು ಇದ್ರ ಚಿಂತಿಲ್ಲ ಅನ್ನೋ ಅಳತಿ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದ. ಕೂಸುಗೋಳು ನೆಲಕ್ಕ ಕೈ ಊರ್ತಾವ, ಅದೇ ಕೈ ಬಾಯಾಗ ಇಡ್ತಾವ. ಅಂಗಳದಾಗ ಏನು ಬಿತ್ತೋ ಅದು ಅವರ ಹೊಟ್ಟಿಗಿ ಹೋಗ್ತದ. ಮಾಳಗಿ ಮ್ಯಾಲ ಹೆಸರು, ಹಪ್ಪಳ, ಸಂಡಗಿ, ಕೆಂಪ ಮೆಣಸಿನಕಾಯಿ. ನಮ್ಮ ಕಲಬುರಗಿ ತೊಗರಿಬ್ಯಾಳಿಗಿ 2019ರಾಗ ಜಿಐ ಮಾನ ಸಿಕ್ಕಾಗ ಎಲ್ಲಾರೂ ಎದಿ ಉಬ್ಬಿಸಿದ್ವಿ. ಆ ತೊಗರಿ ಚೀಲ ಹೇರೋದು ಇದೇ ಬಾಡ್ಯಾಗ, ಮನಿ ಖರ್ಚಿನ ತೊಗರಿ ಒಣಗಸೋದು ಇದೇ ಮಾಳಗಿ ಮ್ಯಾಲ. ಅದರ ಮ್ಯಾಲ ಗಾಡಿ ಬಣ್ಣದ ಪುಡಿ ಉದುರಿಸಿ ಯಾವ ಮಾನ ಉಳಸ್ತೀವಿ?

ಮೂರನೇದು ಡಬ್ಬಿ ಔಷಧ. ಗ್ಯಾರೇಜಿನ ಹುಡುಗ ಒಂದು ಚೀಟಿ ಇಲ್ಲದ ಡಬ್ಬಿ ತೋರಿಸಿ, “ಕಾಕಿ, ಇದು ಹಚ್ಚಿದ್ರ ಬಣ್ಣ ಹಾಲಿನ ಕೆನಿ ಎದ್ದಂಗ ಏಳ್ತದ” ಅಂದ. ಬಣ್ಣ ತಗಿಯೋ ಹಳೇ ಕಾಲದ ಔಷಧಗೋಳಾಗ ಮೆಥಿಲೀನ್ ಕ್ಲೋರೈಡ್ ಅಂತ ಇರ್ತದ. ಅದರ ಹಬಿ ಗಾಳಿಗಿಂತ ಭಾರ. ಪಿಕಪ್ಪಿನ ಬಾಡಿ ನಾಲ್ಕೂ ಕಡಿ ಗ್ವಾಡಿ ಇರೋ ತೊಟ್ಟಿ ಇದ್ದಂಗ. ಹಬಿ ಅದರ ತಳದಾಗೇ ಕುಂದರ್ತದ. ಕೆಲಸ ಮಾಡೋನು ಅದರೊಳಗ ಬಗ್ಗಿ ತಲಿ ಇಡ್ತಾನ. ಒಳಗ ಹೋದ ಮ್ಯಾಲ ಅದು ಮೈಯಾಗ ಕಾರ್ಬನ್ ಮಾನಾಕ್ಸೈಡ್ ಆಗ್ತದ. ಅಮೆರಿಕಾದಾಗ ಸ್ನಾನದ ತೊಟ್ಟಿಯ ಬಣ್ಣ ತಗೀಲಕ್ಕ ಹೋಗಿ ಎಷ್ಟೋ ಮಂದಿ ಹಿಂಗ ಸತ್ತಾರ. ಅದಕ್ಕೇ 2019ರಾಗ ಅಲ್ಲಿನ ಸರಕಾರ ಮನಿ ಮಂದಿಗಿ ಈ ಔಷಧದ ಬಣ್ಣ ತಗಿಯೋ ಡಬ್ಬಿ ಮಾರೋದು ನಿಲ್ಲಿಸಿತು, 2024ರಾಗ ಇನ್ನಾ ಬಿಗಿ ಮಾಡಿತು. ಇಷ್ಟೆಲ್ಲಾ ಆಗಿ ಈ ಕರಿ ಕೋಟಿಂಗ್ ಅಂಥ ಔಷಧಕ್ಕ ಸರಳ ಬಗ್ಗೂದೂ ಇಲ್ಲ. ಥಿನ್ನರ್, ಪೆಟ್ರೋಲ್ ಹಾಕಿ ತಿಕ್ಕೋದಂತೂ ಕಡ್ಡಿ ಗೀರೋದಕ್ಕ ಕಾದಂಗ.

ಆ ಹುಡುಗಗ ನಾ ಬೈಲಿಲ್ಲ. ಹದಿನೆಂಟು ಹತ್ತೊಂಬತ್ತು ವಯಸ್ಸು ಇರಬೇಕು. ಮೂಗಿಗಿ ಬಟ್ಟಿ ಇಲ್ಲ, ಕಣ್ಣಿಗಿ ಕಣ್ಣಡಕ ಇಲ್ಲ, ಕಾಲಾಗ ಹವಾಯಿ ಚಪ್ಪಲ್. ನಮ್ಮ ಕೂಸು ಒಂದು ತಾಸು ಉಂಡ ಹೊಗಿ ಅವ ದಿನಾ ಉಣ್ತಾನ. ಅವನಿಗೂ ಒಬ್ಬಾಕಿ ಅವ್ವ ಅದಾಳ. ನಾಳಿ ಅವನ ಎದಿ ಸಿಳ್ಳಿ ಹೊಡದ್ರ ಆಕಿ ಯಾವ ಗಾಡ್ಯಾಗ ಒಯ್ಯಬೇಕು? “ಅವರ ಧಂದಾ ಅದು, ಅವರಿಗಿ ರೂಢಿ ಆಗ್ಯಾದ” ಅಂತ ಅಂತೀವಲ್ಲ, ಪುಪ್ಪಸಕ್ಕ ರೂಢಿ ಅಂಬೋದು ಇಲ್ರಿ.

ಹಂಗಾರ ಕೋಟಿಂಗ್ ತಗೀಲೇ ಬಾರದೇನು ಅಂತ ಕೇಳ್ತೀರಿ. ಗಟ್ಟಿ ಹಿಡಕೊಂಡಿದ್ರ ತಗೀಬ್ಯಾಡ್ರಿ, ಇದು ಮೊದಲನೇ ಮಾತು. ಹಳೇದಾಯ್ತು, ಬಣ್ಣ ಮಾಸ್ತು ಅಂತ ಪೂಜಿ ಸಲುವಾಗಿ ತಗಿಯೋದು ಸೊಕ್ಕಿನ ಕೆಲಸ. ಎಲ್ಲಿ ಎದ್ದದೋ ಅಲ್ಲಿ ಮಾತ್ರ ಕೊಯ್ದು ತಗದು ಕೆಳಗಿನ ಜಂಗ ತಿಕ್ಕಿದ್ರ ಸಾಕು. ಆದ್ರ ನಮ್ಮ ಗಾಡಿದು ಅರ್ಧಕ್ಕಿಂತ ಹೆಚ್ಚು ಎದ್ದು ಬಿಟ್ಟಿತ್ತು. ಬೆರಳಿಲೇ ಒತ್ತಿದ್ರ ಹಪ್ಪಳದಂಗ ಚರಚರ ಅಂತಿತ್ತು.

ಯಾಕ ಏಳ್ತದ ನೋಡ್ರಿ. ಗಾಡ್ಯಾಗ ಯೂರಿಯಾ ಚೀಲ ಬರ್ತಾವ, ಡಿಎಪಿ ಬರ್ತದ, ಉಳ್ಳಾಗಡ್ಡಿ, ತಿಪ್ಪಿ ಗೊಬ್ಬರ, ಅಫಜಲಪುರದ ಕಡಿ ಆದ್ರ ಭೀಮಾ ದಂಡಿ ಕಬ್ಬಿನ ಬೀಜ. ಸಲಿಕಿ ಹಚ್ಚಿ ಗೊಬ್ಬರ ತಗಿಯೋವಾಗ ಕೋಟಿಂಗಿಗಿ ಗೀರು ಬೀಳ್ತದ. ಗೀರಿನಾಗ ನೀರು, ಗೊಬ್ಬರದ ಉಪ್ಪು ಇಳೀತಾವ. ಇಳಿದದ್ದು ಹೊರಗ ಬರೂದಿಲ್ಲ, ಮ್ಯಾಲ ರಬ್ಬರಿನ ಮುಚ್ಚಳ ಅದಲ್ಲ. ಬಿಸಲಿಗಿ ಒಣಗೂದಿಲ್ಲ, ಗಾಳಿ ಆಡೂದಿಲ್ಲ. ಒಳಗಿಂದೊಳಗ ಕಬ್ಬಣ ತಿನ್ನಕೋತ ಹೋಗ್ತದ. ಮ್ಯಾಲಿಂದ ನೋಡಿದ್ರ ಗಾಡಿ ಕರ್ರಗ ಮಿರಿಮಿರಿ. ಮಣ್ಣಿನ ಗ್ವಾಡಿಗಿ ಎಣ್ಣಿ ಬಣ್ಣ ಹಚ್ಚಿದವರ ಮನಿ ನೋಡೀರಲ್ಲ, ಒಳಗ ಹಸಿ ಹಿಡದು ಒಂದಿನ ಸೆಕ್ಕಿ ಸೆಕ್ಕಿ ಉದುರ್ತದ. ಹಂಗೇ ಇದೂ.

“ಎದ್ದಲ್ಲಿ ಮತ್ತೊಂದು ಕೋಟ್ ಹೊಡದ್ರ ಮುಗೀತು” ಅಂಬೋರಿಗಿ ನನ್ನ ಜವಾಬು ಇಷ್ಟೇ. ಬೂಸಲ ಬಂದ ಉಪ್ಪಿನಕಾಯಿ ಮ್ಯಾಲ ಎಣ್ಣಿ ಸುರುವಿ ಮುಚ್ಚಿಟ್ರ ಅದು ಚಲೋ ಆಗೂದಿಲ್ಲ. ಕೆಟ್ಟದ್ದು ತಗದು, ಭರಣಿ ತೊಳದು, ಒಣಗಿಸಿ, ಆಮ್ಯಾಲ ಹೊಸದು ಹಾಕಬೇಕು. ಇದು ನಮಗ ಯಾವ ಗ್ಯಾರೇಜಿನಾಗೂ ಕಲಿಸಬೇಕಾಗಿಲ್ಲ.

ಕಡೀಕ ನಮ್ಮ ಗಾಡಿ ಕೆಲಸ ಹೆಂಗಾಯ್ತು ಅಂಬೋದು ಹೇಳ್ತೀನಿ. ನಿಮ್ಮ ಮನಿ ಗಂಡಸರಿಗಿ ಓದಿ ಹೇಳ್ರಿ.

ಜಾಗ ಮೊದಲು. ಅಂಗಳ ಅಲ್ಲ, ಕಣ ಅಲ್ಲ, ಬಾವಿ ದಂಡಿ ಅಲ್ಲ, ದನ ಮೇಯೋ ಜಾಗ ಅಲ್ಲ. ನಮ್ಮ ಹೊಲದ ಆಚಿಗಿ ಕಲ್ಲಿನ ಬಂಜರ ಅದ. ಗಾಳಿ ಊರ ಕಡಿ ಬೀಸದ ದಿನ ನೋಡಿ ಗಾಡಿ ಅಲ್ಲಿ ನಿಂದರಿಸಿದ್ರು. ಕೆಳಗ ಹಳೇ ತಾಡಪತ್ರಿ ಹಾಸಿದ್ರು. ಮಕ್ಕಳನ್ನ, ಬಸರಿ ಹೆಣಮಕ್ಕಳನ್ನ ಹತ್ರ ಬಿಡಲಿಲ್ಲ. ಕೆಲಸ ಮಾಡೋರು ಕೈಗವಸು, ಕಣ್ಣಡಕ, ಧೂಳಿನ ಮಾಸ್ಕ್ ಹಾಕ್ಕೊಂಡ್ರು. ಒಂದು ಮಾತು ನೆನಪಿಡ್ರಿ. ಧೂಳಿನ ಮಾಸ್ಕ್ ಧೂಳ ತಡೀತದ, ವಿಷದ ಹಬಿ ತಡೆಯೂದಿಲ್ಲ. ಅದಕ್ಕ ಹಬಿ ಹೊಗಿ ಏಳದಂಗೇ ಕೆಲಸ ಮಾಡಬೇಕು, ಗಾಳಿ ಬೆನ್ನಿಗಿ ಬೀಳೂವಂಗ ನಿಂದರಬೇಕು.

ಮೊದಲು ಎದ್ದಿದ್ದೆಲ್ಲಾ ಕೈಲೇ ಕಿತ್ತು ತಗದ್ರು. ಅರ್ಧ ಕೆಲಸ ಅಷ್ಟಕ್ಕೇ ಆಯ್ತು. ಉಳದ ಕೋಟಿಂಗಿಗಿ ಚೂರಿಲೇ ಕರದಂಟಿನ ಬರ್ಫಿ ಕೊಯ್ದಂಗ ಗೇಣಗಲ ಪಟ್ಟಿ ಕೊಯ್ದ್ರು. ಮಳಿಗಾಲ ಮುಗಿದ ಮ್ಯಾಲಿನ ನಮ್ಮ ಸೀಮಿ ಬಿಸಲು ಗೊತ್ತದಲ್ಲ, ಮಧ್ಯಾಹ್ನ ಬಿಸಲಿಗಿ ಬಿಟ್ರ ಕೋಟಿಂಗ್ ತಾನೇ ಸ್ವಲ್ಪ ಮೆತ್ತಗಾಗ್ತದ. ಎಲ್ಲಿ ಭಾಳ ಬಿಗದಿತ್ತೋ ಅಲ್ಲಿ ಹೀಟ್ ಗನ್ನಿನ ಕಡಿಮಿ ಬಿಸಿ ಗಾಳಿ ತೋರಿಸಿದ್ರು. ಒಂದೇ ಕಡಿ ಹಿಡೀಬಾರದು, ಕಸಬರಗಿ ಆಡಿಸಿದಂಗ ಆಡಿಸಕೋತ ಇರಬೇಕು. ಮೆತ್ತಗಾಗಬೇಕು, ಹೊಗಿ ಬರಬಾರದು. ಒಂದೆಳಿ ಹೊಗಿ ಕಂಡ್ರೂ ಬಿಸಿ ಹೆಚ್ಚಾಯ್ತಂತ ತಿಳದು ಕೈ ಹಿಂದ ತಗೀಬೇಕು. ಗಾಡಿ ಕೆಳಗ ಟಾಕಿ ಎಲ್ಲದ, ವೈರ್ ಎಲ್ಲವ ಮೊದಲೇ ನೋಡ್ಕೊಂಡು ಆ ಜಾಗದಾಗ ಬಿಸಿ ಹಚ್ಚಲೇ ಬಾರದು. ಆಮ್ಯಾಲ ಅಗಲ ಪಟ್ಟಿ ಉಳಿ ಓರಿ ಹಿಡದು ಅಡಿಗಿ ಹಾಕಿ ನೂಕಿದ್ರ ಪಟ್ಟಿ ಪಟ್ಟಿಯಾಗಿ ಏಳ್ತದ. ಹಂಚಿಗಿ ಹತ್ತಿದ ರೊಟ್ಟಿ ಚಂಚಿಲೇ ಎಬ್ಬಿಸಿದಂಗ.

ಎರಡೂವರಿ ದಿನ ಹಿಡೀತು. ಸುಟ್ಟಿದ್ರ ಎರಡು ತಾಸಿನಾಗ ಆಗ್ತಿತ್ತು ಅಂತ ಮೈದುನ ಗೊಣಗಿದ. ಎರಡು ತಾಸಿನ ಕೆಲಸಕ್ಕ ಒಂದಿಡೀ ದಿನ ದವಾಖಾನ್ಯಾಗ ಕುಂತಿದ್ದು ಲೆಕ್ಕ ಹಿಡದ್ರೆ? ಹನ್ನೊಂದು ಕೌದಿ ಮತ್ತ ಹಳ್ಳಕ್ಕ ಒಯ್ದು ಒಗದದ್ದು ಲೆಕ್ಕ ಹಿಡದ್ರೆ? ಮಸಿ ಬಿದ್ದ ಹೆಸರು ನಾ ಯಾರಿಗೂ ತಿನಸಲಿಲ್ಲ, ಹೊರಗ ಚೆಲ್ಲಿದೆ. ಅದೂ ಲೆಕ್ಕ ಹಿಡೀರಿ. ಗಂಡಸರ ಪುಕ್ಕಟ ಕೆಲಸದ ಬಿಲ್ಲು ಯಾವಾಗಲೂ ಬ್ಯಾರೆಯವರ ಹೆಸರಿಗಿ ಬರ್ತದ.

ಉಳದ ಚೂರು ಏನು ಮಾಡಬೇಕು? ಇಲ್ಲಿ ನಾವು ಹೆಣಮಕ್ಕಳೂ ತಪ್ಪು ಮಾಡ್ತೀವಿ. ಕಸ ಅಂದ ಕೂಡಲೇ ತಿಪ್ಪಿಗಿ ಒಗೀತೀವಿ. ತಿಪ್ಪಿ ನಾಳಿ ಹೊಲಕ್ಕ ಹೋಗ್ತದ, ಹೊಲದಾಗಿಂದು ತಾಟಿಗಿ ಬರ್ತದ. ತಾಡಪತ್ರಿ ಮ್ಯಾಲಿನ ಚೂರು, ಪುಡಿ ಎಲ್ಲಾ ನೀರು ಚಿಮಕಿಸಿ ಬಳದು, ಚೀಲದಾಗ ತುಂಬಿ ಬಾಯಿ ಹೊಲದೆ. ಒಣ ಕಸಬರಗಿ ಆಡಿಸಲಿಲ್ಲ. ಬಣ್ಣದ ಡಬ್ಬಿ, ಕೀಟನಾಶಕದ ಡಬ್ಬಿ ಇಂಥವನ್ನ ಬ್ಯಾರೆ ಕಸದ ಜೋಡಿ ಕೂಡಿಸದೆ ಬ್ಯಾರೆ ಇಟ್ಟು ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಾಗೇ ಇತ್ತು. ಇದನ್ನೂ ಅದೇ ಸಾಲಿನಾಗ ಹಿಡೀರಿ. ಪಂಚಾಯತಿ ಸ್ವಚ್ಛ ವಾಹಿನಿ ಬಂದಾಗ ಗಾಡಿ ಓಡಿಸೋ ತಂಗಿಗಿ ಬಾಯಿ ಬಿಟ್ಟು ಹೇಳ್ರಿ, ಇದರಾಗ ಇಂಥಾದ್ದು ಅದ ಅಂತ. ಆಕಿಗೂ ಕೈ ಅವ, ಉಸರು ಅದ.

ಬರೇ ಕಬ್ಬಣ ಒಂದು ರಾತ್ರಿ ಹಂಗೇ ಬಿಟ್ರ ಮುಂಜಾನಿಗಿ ಮತ್ತ ಜಂಗ ಹಿಡೀತದ. ಅದಕ್ಕ ಜಂಗಿನ ಜಾಗ ನೀರು ಹಚ್ಚಿ ಉಸುಕಿನ ಕಾಗದಲೇ ಕೈಲೇ ತಿಕ್ಕಿ, ಒರಸಿ, ಪೂರಾ ಒಣಗಿಸಿ ಅವತ್ತೇ ಪ್ರೈಮರ್ ಹೊಡೀಬೇಕು. ಮ್ಯಾಲ ಬಣ್ಣ. ನಮ್ಮ ಗಾಡಿದು ಮೂಲ್ಯಾಗ ಎರಡು ಕಡಿ ತೂತೇ ಬಿದ್ದಿತ್ತು, ಪತ್ರಾ ತುಂಡು ಕೂಡಿಸಬೇಕಾಯ್ತು. ವೆಲ್ಡಿಂಗ್ ಮೊದಲು ಸುತ್ತ ಕೋಟಿಂಗ್ ಚೂರು ಉಳದಿಲ್ಲ ಅಂತ ನೋಡ್ಕೋಬೇಕು, ಇಲ್ಲಂದ್ರ ಅಲ್ಲಿ ಮತ್ತ ಅದೇ ಹೊಗಿ.

ಮತ್ತ ಸ್ಪ್ರೇ ಹೊಡಸೂನೇನು ಅಂತ ಮಗ ಕೇಳಿದ. ನಾ ಬ್ಯಾಡ ಅಂದೆ. ರಬ್ಬರಿನ ದಪ್ಪ ಹಾಸು ತರಿಸಿದ್ವಿ. ಗೊಬ್ಬರ ಹೇರಿ ಬಂದ ದಿನ ಅದನ್ನ ಎತ್ತಿ, ಕೆಳಗೂ ಮ್ಯಾಲೂ ನೀರು ಹಾಕಿ, ಬಾಗಲಕ್ಕ ಆನಿಸಿ ಒಣಗಿಸ್ತಾರ. ಮನ್ಯಾಗ ನಾವು ಹಾಸಿಗಿ ಎತ್ತಿ ಬಳಿಯೂದಿಲ್ಲೇನು? ಎತ್ತಿ ತೊಳಿಯಲಕ್ಕ ಬರೋವಂಥ ಹಾಸು ಇದ್ರ ಕೆಳಗೇನದ ಅಂತ ಕಣ್ಣಿಗಿ ಕಾಣ್ತದ. ಎತ್ತಲಕ್ಕ ಬರದ ಮುಚ್ಚಳದ ಕೆಳಗ ಏನಾಗ್ಯಾದ ಅಂತ ಗೊತ್ತಾಗೋದ್ರಾಗ ತೂತು ಬಿದ್ದಿರ್ತದ.

ಅಕ್ಕಗೋಳೆ, ತಂಗೆಮ್ಮಗೋಳೆ, ಇದೆಲ್ಲಾ ಓದಿ ನೀವು ಗ್ಯಾರೇಜು ತಗೀರಿ ಅಂತ ನಾ ಅಂಬೂದಿಲ್ಲ. ಗಾಡಿ ಕೆಲಸ ಗಂಡಸರೇ ಮಾಡ್ಲಿ. ಮನಿ ಮುಂದ ಉರಿ ಹಚ್ಚಬ್ಯಾಡ್ರಿ, ಗ್ರೈಂಡರ್ ಹಚ್ಚಬ್ಯಾಡ್ರಿ, ಚೀಟಿ ಇಲ್ಲದ ಡಬ್ಬಿ ತಗೀಬ್ಯಾಡ್ರಿ. ಇಷ್ಟು ಮಾತು ಹೊಸ್ತಿಲ ಮ್ಯಾಲ ನಿಂತು ಗಟ್ಟಿಯಾಗಿ ಹೇಳ್ರಿ. ಸಿಟ್ಟಿಗಿ ಬಂದ್ರ ಬರ್ಲಿ. ನಿಮಗೇನ್ ತಿಳೀತದ ಅಂದ್ರ, ಕೂಸಿನ ಎದಿ ಸಿಳ್ಳಿ ಹೊಡದಾಗ ಹೆಂಗ ಕೇಳಸ್ತದ ಅಂಬೋದು ತಿಳೀತದ ಅಂತ ಹೇಳ್ರಿ.

ಎಳ್ಳ ಅಮಾಸಿಗಿ ನಾವೆಲ್ಲಾ ಹೊಲಕ್ಕ ಹೋದ್ವಿ. ಮಾಲಿನ ಗಾಡ್ಯಾಗ ಮಂದಿ ಕೂಡಬಾರದು ಅಂತ ಕಾನೂನು ಅದ. ಅದಕ್ಕ ಗಾಡ್ಯಾಗ ಬಜ್ಜಿ ಬುಟ್ಟಿ, ಸಜ್ಜಿ ರೊಟ್ಟಿ, ಕಡಬು, ನೀರಿನ ಕೊಡ ಇಟ್ಟು ಮೈದುನ ಮುಂದ ಹೋದ, ನಾವು ಕಾಲುದಾರಿ ಹಿಡದು ಹಿಂದ ನಡದ್ವಿ. ಚರಗ ಚೆಲ್ಲಿ ಬಂದು ಉಣ್ಣಲಕ್ಕ ಕುಂತಾಗ ಮೊಮ್ಮಗಳು ನಿಂತ ಗಾಡಿ ಬಾಡ್ಯಾಗ ಏರಿ, ರಬ್ಬರ್ ಹಾಸಿನ ಮ್ಯಾಲ ಕಾಲು ಚಾಚಿ ಕಡಬು ತಿನ್ನಲಕ್ಕತ್ತಿತ್ತು. ಮೈದುನ ಅದರ ಬಾಜೂಕ ಕುಂತು ಬಜ್ಜಿ ಹಚ್ಚಿ ರೊಟ್ಟಿ ತುತ್ತು ಮಾಡಿ ಕೊಡ್ಲಕ್ಕತ್ತಿದ್ದ. ನನ್ನ ಕಡಿ ನೋಡಿ, “ವೈನಿ, ನಮ್ಮ ಗೆಳ್ಯಾಂದು ಗಾಡಿ ಹಿಂಗೇ ಎದ್ದದ. ಬಂಜರಕ್ಕೇ ತರಲಕ್ಕ ಹೇಳೀನಿ” ಅಂದ.

ಮತ್ತೇನೂ ಅನಲಿಲ್ಲ. ನಾನೂ ಕೇಳಲಿಲ್ಲ. ಅವನ ತಾಟಿಗಿ ಇನ್ನೊಂದು ಕಡಬು ಹಾಕಿದೆ.